ಸ್ವಯಂಸೇವಾ ಗಣನೆ: ಮನೆಯ ಕಂಪ್ಯೂಟರಿನ ಸಮಯವನ್ನು ಯೋಜನೆಗಳಿಗೆ ಹಂಚುವ ಬಗೆ

ಮನೆಯ ಕಂಪ್ಯೂಟರಿನಲ್ಲಿ ಬಳಕೆಯಾಗದೆ ಉಳಿಯುವ ಲೆಕ್ಕದ ಶಕ್ತಿಯನ್ನು ವೈಜ್ಞಾನಿಕ ಸಂಶೋಧನೆಗೆ ಬಿಟ್ಟುಕೊಡುವುದಕ್ಕೆ ಸ್ವಯಂಸೇವಾ ಗಣನೆ ಎಂದು ಹೆಸರು. ಸಂಶೋಧನಾ ಸಂಸ್ಥೆಯ ಸರ್ವರ್ ದೊಡ್ಡ ಲೆಕ್ಕವೊಂದನ್ನು ಸಾವಿರಾರು, ಕೆಲವೊಮ್ಮೆ ಕೋಟ್ಯಂತರ ತುಂಡು ಮಾಡಿ ಇಂಟರ್‌ನೆಟ್ ಮೂಲಕ ಮನೆಮನೆಗೆ ಕಳಿಸುತ್ತದೆ. ಮನೆಯ ಯಂತ್ರ ತನ್ನ ಪಾಲಿಗೆ ಬಂದ ತುಂಡನ್ನು ಬಿಡಿಸಿ ಉತ್ತರವನ್ನು ಹಿಂದಕ್ಕೆ ಕಳಿಸುತ್ತದೆ. ಖಗೋಳ, ಹವಾಮಾನ, ಪ್ರೋಟೀನು, ಅವಿಭಾಜ್ಯ ಸಂಖ್ಯೆ ಹೀಗೆ ಹಲವು ಕ್ಷೇತ್ರಗಳ ಯೋಜನೆಗಳು ಈ ಸಹಾಯ ಕೇಳುತ್ತವೆ. ಒಂದೇ ಯಂತ್ರದ ಸಮಯವನ್ನು ಇವುಗಳಿಗೆ ಹಂಚುವಾಗ ಎರಡು ಪ್ರಶ್ನೆಗಳು ಬರುತ್ತವೆ. ಯಾವ ಕೆಲಸಕ್ಕೆ ಎಷ್ಟು ಬೆಲೆ ಎಂಬುದು ಮೊದಲನೆಯದು. ಅದನ್ನು ಯಂತ್ರದ ಮಾಲೀಕರೇ ತೀರ್ಮಾನಿಸಬೇಕು. ಆ ತೀರ್ಮಾನದಂತೆ ಗಂಟೆಗಳನ್ನು ಪಾಲು ಮಾಡುವುದು ಎರಡನೆಯದು. ಅದನ್ನು ತಂತ್ರಾಂಶ ಸಾಕಷ್ಟು ಚೆನ್ನಾಗಿಯೇ ಮಾಡುತ್ತದೆ, ಆದರೆ ವಾರಗಳ ಲೆಕ್ಕದಲ್ಲಿ ಮಾಡುತ್ತದೆ. ಹೊಸಬರ ಗೊಂದಲ ಬಹುಪಾಲು ಹುಟ್ಟುವುದು ಅದನ್ನು ಗಂಟೆಗಳ ಲೆಕ್ಕದಲ್ಲಿ ಅಳೆಯಲು ಹೋದಾಗ.

ಹಿನ್ನೆಲೆ

1996ರ ಜನವರಿಯಲ್ಲಿ ಜಾರ್ಜ್ ವೋಲ್ಟ್‌ಮನ್ ಅಮೆರಿಕದಲ್ಲಿ ಆರಂಭಿಸಿದ ಗಿಂಪ್ಸ್ ಈ ಬಗೆಯ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಒಂದು. ಎರಡರ ಘಾತದಿಂದ ಒಂದನ್ನು ಕಳೆದರೆ ಸಿಗುವ ಮರ್ಸೆನ್ ಸಂಖ್ಯೆಗಳಲ್ಲಿ ಅವಿಭಾಜ್ಯವಾದವನ್ನು ಹುಡುಕುವುದು ಅದರ ಕೆಲಸ. ಆ ವರ್ಷ ಮುಗಿಯುವುದರೊಳಗೇ ಅದಕ್ಕೆ ಮೊದಲ ಸಂಖ್ಯೆ ಸಿಕ್ಕಿತು. 2024ರ ಅಕ್ಟೋಬರಿನಲ್ಲಿ ಸಿಕ್ಕಿದ ಸಂಖ್ಯೆಯಲ್ಲಿ 4,10,24,320 ಅಂಕಿಗಳಿವೆ. 1997ರಲ್ಲಿ ಡಿಸ್ಟ್ರಿಬ್ಯೂಟೆಡ್ ಡಾಟ್ ನೆಟ್ ಎಂಬ ಗುಂಪು 56 ಬಿಟ್‌ಗಳ ಗೂಢಲಿಪಿ ಕೀಲಿಯೊಂದನ್ನು ಇದೇ ಮಾರ್ಗದಲ್ಲಿ ಭೇದಿಸಿತು.

ಜನಸಾಮಾನ್ಯರ ಮನೆಗೆ ಈ ವಿಚಾರವನ್ನು ತಂದದ್ದು ಮಾತ್ರ 1999ರ ಮೇ 17ರಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಿಂದ ಹೊರಟ ಸೆಟಿ ಅಟ್ ಹೋಮ್. ಡೇವಿಡ್ ಗೆಡಿ ಅವರಿಗೆ ಹೊಳೆದ ಕಲ್ಪನೆಯನ್ನು ಡೇವಿಡ್ ಆಂಡರ್ಸನ್, ಡ್ಯಾನ್ ವರ್ದಿಮರ್ ಮೊದಲಾದವರು ಕಾರ್ಯರೂಪಕ್ಕೆ ತಂದರು. ಪ್ವೆರ್ಟೊ ರಿಕೊದ ಅರೆಸಿಬೊ ರೇಡಿಯೊ ದೂರದರ್ಶಕ 1420 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಹಿಡಿದ ಸಂಕೇತಗಳನ್ನು ಸುಮಾರು 107 ಸೆಕೆಂಡುಗಳ, ಸುಮಾರು 10 ಕಿಲೋಹರ್ಟ್ಸ್ ಅಗಲದ ಚೂರುಗಳಾಗಿ ಕತ್ತರಿಸಿ ಹಂಚುತ್ತಿದ್ದರು. ಒಂದು ಚೂರಿನ ಗಾತ್ರ ಅರ್ಧ ಮೆಗಾಬೈಟಿಗಿಂತ ಕಡಿಮೆ. ಡಯಲ್‌ಅಪ್ ಸಂಪರ್ಕದ ಆ ಕಾಲಕ್ಕೆ ಹೇಳಿ ಮಾಡಿಸಿದ ಅಳತೆ. ಹುಡುಕುತ್ತಿದ್ದ ಅನ್ಯಲೋಕದ ಸಂಕೇತ ಸಿಗಲಿಲ್ಲ. ಆದರೆ ಐವತ್ತು ಲಕ್ಷಕ್ಕೂ ಹೆಚ್ಚು ಜನ ತಮ್ಮ ಯಂತ್ರಗಳನ್ನು ಒಪ್ಪಿಸಿದರು. ಅಪರಿಚಿತರ ಕಂಪ್ಯೂಟರುಗಳನ್ನು ನೆಚ್ಚಿ ಗಂಭೀರ ವಿಜ್ಞಾನ ನಡೆಸಬಹುದು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಆ ದಿನಗಳಲ್ಲಿ ಹಂಚಿಕೆಯ ಪ್ರಶ್ನೆಯೇ ಇರಲಿಲ್ಲ. ಪ್ರತಿ ಯೋಜನೆಯೂ ತನ್ನದೇ ಪ್ರೋಗ್ರಾಮನ್ನು ಬರೆದುಕೊಂಡಿತ್ತು, ಒಂದು ಯಂತ್ರ ಒಂದಕ್ಕೆ ಮೀಸಲು. ಲೆಕ್ಕದ ವಿಧಾನ ಸುಧಾರಿಸಿದಾಗಲೆಲ್ಲ ಲಕ್ಷಾಂತರ ಜನ ಪ್ರೋಗ್ರಾಮನ್ನು ಮತ್ತೆ ಹಾಕಿಕೊಳ್ಳಬೇಕಿತ್ತು. ಹೊಸ ಸಂಶೋಧಕರು ಸೊನ್ನೆಯಿಂದ ಎಲ್ಲವನ್ನೂ ಕಟ್ಟಬೇಕಿತ್ತು. ಈ ತೊಡಕನ್ನು ಬಿಡಿಸಲು ಆಂಡರ್ಸನ್ ತಂಡ 2002ರಿಂದ ರೂಪಿಸಿದ ಮುಕ್ತ ತಂತ್ರಾಂಶವೇ ಬಾಯಿಂಕ್. ಸ್ವಯಂಸೇವಕರು ಒಂದೇ ಪ್ರೋಗ್ರಾಮ್ ಹಾಕಿಕೊಂಡು ತಮಗೆ ಬೇಕಾದಷ್ಟು ಯೋಜನೆಗಳಿಗೆ ಸೇರಬಹುದು. ಯೋಜನೆಯ ಲೆಕ್ಕದ ಭಾಗ ತಾನಾಗಿ ಇಳಿದು, ತಾನಾಗಿ ಹೊಸದಾಗುತ್ತದೆ. 2004ರಲ್ಲಿ ಸೆಟಿ ಇದಕ್ಕೆ ಬಂದಿತು. 2005ರ ಡಿಸೆಂಬರ್ 15ರಂದು ಅದರ ಹಳೆಯ ವ್ಯವಸ್ಥೆಯನ್ನು ಮುಚ್ಚಲಾಯಿತು. ಸಮಯ ಹಂಚಿಕೆ ಎಂಬ ವಿಷಯ ಸ್ವಯಂಸೇವಕರ ಮುಂದೆ ಬಂದದ್ದು ಅಲ್ಲಿಂದ.

ಯೋಜನೆಗಳು

ಹಂಚಿಕೆ ಏಕೆ ಕಷ್ಟ ಎಂದು ತಿಳಿಯಲು ಯೋಜನೆಗಳ ಸ್ವಭಾವ ತಿಳಿದಿರಬೇಕು. 2003ರಲ್ಲಿ ಆಕ್ಸ್‌ಫರ್ಡ್‌ನಿಂದ ಆರಂಭವಾದ ಕ್ಲೈಮೇಟ್ ಪ್ರಿಡಿಕ್ಷನ್ ಡಾಟ್ ನೆಟ್ ಭೂಮಿಯ ಹವಾಮಾನದ ಮಾದರಿಯನ್ನೇ ಮನೆಯ ಕಂಪ್ಯೂಟರಿನಲ್ಲಿ ಓಡಿಸುತ್ತದೆ. ಒಂದು ತುಂಡು ಮುಗಿಯಲು ದಿನಗಳು, ಆರಂಭದ ವರ್ಷಗಳಲ್ಲಿ ತಿಂಗಳುಗಳೇ ಹಿಡಿಯುತ್ತಿದ್ದವು. ಮಾದರಿಯ ಅಂಶಗಳನ್ನು ಅಷ್ಟಿಷ್ಟು ಬದಲಿಸಿ ಎರಡು ಸಾವಿರಕ್ಕೂ ಹೆಚ್ಚು ಬಾರಿ ಓಡಿಸಿದ ಫಲಿತಾಂಶ 2005ರ ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು: ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ಇಮ್ಮಡಿಯಾದರೆ ಉಷ್ಣತೆ ಸುಮಾರು 2ರಿಂದ 11 ಡಿಗ್ರಿವರೆಗೆ ಏರಬಹುದು. ಅನಿಶ್ಚಿತತೆಯ ಹರವನ್ನು ಇಷ್ಟು ವಿಸ್ತಾರವಾಗಿ ಅಳೆಯುವ ಕೆಲಸ ಆಗ ಒಂದೆರಡು ಸೂಪರ್‌ಕಂಪ್ಯೂಟರುಗಳಿಂದ ಆಗುವಂಥದ್ದಲ್ಲ.

ಐನ್‌ಸ್ಟೈನ್ ಅಟ್ ಹೋಮ್ ಇದಕ್ಕೆ ತದ್ವಿರುದ್ಧ. ಗಂಟೆಗಳಲ್ಲಿ ಮುಗಿಯುವ ಸಣ್ಣ ತುಂಡುಗಳು, ನಿರಂತರ ಪೂರೈಕೆ. ಬ್ರೂಸ್ ಆಲೆನ್ ನೇತೃತ್ವದಲ್ಲಿ 2005ರ ಫೆಬ್ರವರಿಯಲ್ಲಿ ಆರಂಭವಾದ ಈ ಯೋಜನೆ ಲೈಗೊ ಸಂಸೂಚಕಗಳ ದತ್ತಾಂಶದಲ್ಲಿ ಗುರುತ್ವ ಅಲೆಗಳನ್ನೂ, ರೇಡಿಯೊ ಮತ್ತು ಗಾಮಾ ಕಿರಣಗಳ ದತ್ತಾಂಶದಲ್ಲಿ ಪಲ್ಸಾರುಗಳನ್ನೂ ಹುಡುಕುತ್ತದೆ. 2010ರ ಆಗಸ್ಟಿನಲ್ಲಿ ಇದು ಸೆಕೆಂಡಿಗೆ ಸುಮಾರು 41 ಸುತ್ತು ತಿರುಗುವ ಹೊಸ ಪಲ್ಸಾರ್ ಒಂದನ್ನು ಪ್ರಕಟಿಸಿತು. ಅರೆಸಿಬೊ ದತ್ತಾಂಶದ ಆ ತುಂಡನ್ನು ಬಿಡಿಸಿದ್ದು ಅಮೆರಿಕದ ಅಯೋವ ರಾಜ್ಯದ ದಂಪತಿಯ ಕಂಪ್ಯೂಟರು ಮತ್ತು ಜರ್ಮನಿಯ ಮೈಂಟ್ಸ್ ನಗರದ ಇನ್ನೊಬ್ಬರ ಕಂಪ್ಯೂಟರು. ಒಂದೇ ತುಂಡು ಇಬ್ಬರಿಗೆ ಹೋದದ್ದು ಆಕಸ್ಮಿಕವಲ್ಲ. ಮನೆಯ ಯಂತ್ರ ಬಿಸಿಯಾಗಿಯೋ ಮೆಮೊರಿ ಕೆಟ್ಟೋ ತಪ್ಪು ಉತ್ತರ ಕೊಡಬಹುದು ಎಂದು ಅನೇಕ ಯೋಜನೆಗಳು ಒಂದೊಂದು ತುಂಡನ್ನೂ ಎರಡು ಯಂತ್ರಗಳಿಗೆ ಕಳಿಸಿ, ಉತ್ತರಗಳು ತಾಳೆಯಾದ ಮೇಲಷ್ಟೇ ಒಪ್ಪುತ್ತವೆ.

ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಬೇಕರ್ ಪ್ರಯೋಗಾಲಯದ ರೊಸೆಟಾ ಅಟ್ ಹೋಮ್ ಪ್ರೋಟೀನುಗಳ ಆಕಾರ ಮತ್ತು ವಿನ್ಯಾಸಕ್ಕೆ ಸಂಬಂಧಿಸಿದ್ದು. ಪ್ರೋಟೀನ್ ವಿನ್ಯಾಸದ ಕೆಲಸಕ್ಕಾಗಿ ಬೇಕರ್ 2024ರ ರಸಾಯನಶಾಸ್ತ್ರ ನೊಬೆಲ್ ಪ್ರಶಸ್ತಿಯ ಅರ್ಧ ಭಾಗ ಪಡೆದರು. ವೈದ್ಯಕೀಯ ಸಂಶೋಧನೆಗೆ ಹೆಚ್ಚು ಗಮನ ಕೊಡುವ ವರ್ಲ್ಡ್ ಕಮ್ಯೂನಿಟಿ ಗ್ರಿಡ್ಡನ್ನು 2004ರಲ್ಲಿ ಐಬಿಎಂ ಆರಂಭಿಸಿತು. ಈಗ ಅದು ಟೊರಾಂಟೊದ ಕ್ರೆಂಬಿಲ್ ಸಂಶೋಧನಾ ಸಂಸ್ಥೆಯಲ್ಲಿದೆ. ಸರ್ನ್ ಸಂಸ್ಥೆಯ ಎಲ್‌ಎಚ್‌ಸಿ ಅಟ್ ಹೋಮ್, ಅವಿಭಾಜ್ಯ ಸಂಖ್ಯೆಗಳ ಪ್ರೈಮ್‌ಗ್ರಿಡ್, ನಮ್ಮ ಆಕಾಶಗಂಗೆಯ ರಚನೆ ಹುಡುಕುವ ಮಿಲ್ಕಿವೇ ಅಟ್ ಹೋಮ್ ಬೇರೆ ಕೆಲವು.

ಪಾಲಿನ ಲೆಕ್ಕ

ಬಾಯಿಂಕ್‌ನಲ್ಲಿ ಸೇರಿದ ಪ್ರತಿ ಯೋಜನೆಗೂ ಸಂಪನ್ಮೂಲದ ಪಾಲು ಎಂಬ ಒಂದು ಅಂಕಿ ಇರುತ್ತದೆ. ಬದಲಿಸದೆ ಬಿಟ್ಟರೆ ಅದು 100. ಇದು ಶೇಕಡಾವಾರು ಅಲ್ಲ, ಅನುಪಾತ. ಐನ್‌ಸ್ಟೈನ್‌ಗೆ 100, ರೊಸೆಟಾಕ್ಕೆ 100, ವರ್ಲ್ಡ್ ಕಮ್ಯೂನಿಟಿ ಗ್ರಿಡ್‌ಗೆ 200 ಎಂದಿಟ್ಟರೆ ಒಟ್ಟು 400ರಲ್ಲಿ ಮೊದಲ ಎರಡಕ್ಕೆ ಕಾಲು ಕಾಲು ಭಾಗ, ಮೂರನೆಯದಕ್ಕೆ ಅರ್ಧ. ನಾಲ್ಕನೆಯದೊಂದನ್ನು 100ರ ಪಾಲಿನೊಂದಿಗೆ ಸೇರಿಸಿದೊಡನೆ ಹಳೆಯವುಗಳ ಅಂಕಿಯನ್ನು ಮುಟ್ಟದಿದ್ದರೂ ಅವುಗಳ ಭಾಗ ಶೇ. 20, 20 ಮತ್ತು 40ಕ್ಕೆ ಇಳಿಯುತ್ತದೆ. ಈ ಅಂಕಿಯನ್ನು ಬದಲಿಸುವುದು ಮನೆಯ ಪ್ರೋಗ್ರಾಮಿನಲ್ಲಲ್ಲ, ಆಯಾ ಯೋಜನೆಯ ಜಾಲತಾಣದಲ್ಲಿರುವ ಖಾತೆಯಲ್ಲಿ. ಮುಂದಿನ ಬಾರಿ ಯಂತ್ರ ಆ ಯೋಜನೆಯ ಸರ್ವರನ್ನು ಸಂಪರ್ಕಿಸಿದಾಗಲೇ ಅದು ಜಾರಿಗೆ ಬರುತ್ತದೆ.

ಪಾಲನ್ನು ಸೊನ್ನೆ ಮಾಡುವುದಕ್ಕೂ ಅರ್ಥವಿದೆ. ಸೊನ್ನೆ ಪಾಲಿನ ಯೋಜನೆ ಕಾಯ್ದಿರಿಸಿದ ಯೋಜನೆ. ಬೇರೆ ಯಾವುದರಿಂದಲೂ ಕೆಲಸ ಸಿಗದಿದ್ದಾಗ ಮಾತ್ರ ಅದರಿಂದ ತುಂಡುಗಳು ಬರುತ್ತವೆ. ನಾಲೆಯ ಸರದಿಯಲ್ಲಿ ಒಬ್ಬರು ಬೇಡವೆಂದ ನೀರು ಕೊನೆಯ ಗದ್ದೆಗೆ ಹರಿದ ಹಾಗೆ. ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ಉಪಯುಕ್ತವಾದ, ಇದಕ್ಕಿಂತ ಕಡಿಮೆ ಬಳಕೆಯಾಗುವ ಸೌಲಭ್ಯ ಇನ್ನೊಂದಿಲ್ಲ ಎನ್ನಬೇಕು.

ಇಷ್ಟು ಇಟ್ಟ ಮೇಲೆ ತಂತ್ರಾಂಶ ಮಾಡುವ ಲೆಕ್ಕ ಹೀಗಿದೆ. ಪ್ರತಿ ಯೋಜನೆಗೂ ಈಚೆಗೆ ಎಷ್ಟು ದುಡಿಮೆ ಸಂದಿದೆ ಎಂಬ ಅಂದಾಜನ್ನು ಅದು ಇಟ್ಟುಕೊಂಡಿರುತ್ತದೆ. ಹಳೆಯ ದುಡಿಮೆಯ ತೂಕ ಕರಗುತ್ತ ಹೋಗುತ್ತದೆ. ಹತ್ತು ದಿನಕ್ಕೆ ಅರ್ಧ, ಇಪ್ಪತ್ತು ದಿನಕ್ಕೆ ಕಾಲು. ಸಂದಿರುವ ದುಡಿಮೆ ಸಲ್ಲಬೇಕಾದ ಪಾಲಿಗಿಂತ ಯಾವ ಯೋಜನೆಯಲ್ಲಿ ಅತಿ ಹೆಚ್ಚು ಹಿಂದೆ ಬಿದ್ದಿದೆಯೋ ಅದಕ್ಕೆ ಮುಂದಿನ ಸರದಿ. ಹೊಸದಾಗಿ ಸೇರಿದ ಯೋಜನೆಯ ಖಾತೆಯಲ್ಲಿ ಏನೂ ಇರುವುದಿಲ್ಲವಾದ್ದರಿಂದ ಮೊದಲ ಕೆಲವು ದಿನ ಯಂತ್ರ ಅದರ ಕಡೆಗೇ ವಾಲುತ್ತದೆ. ಕಾಲು ಪಾಲಿನ ಯೋಜನೆ ಇಡೀ ಯಂತ್ರವನ್ನು ನುಂಗಿತೆಂದು ಗಾಬರಿಯಾಗಿ ಅಂಕಿಗಳನ್ನು ತಿದ್ದುತ್ತ ಕೂರುವವರು ಬಹಳ. ಹಾಗೆ ತಿದ್ದಿದಷ್ಟೂ ಸಮತೋಲನ ದೂರ ಸರಿಯುತ್ತದೆ. ಒಮ್ಮೆ ಇಟ್ಟ ಅಂಕಿಯನ್ನು ಮೂರು ನಾಲ್ಕು ವಾರ ಮುಟ್ಟದೆ ಬಿಡುವುದೇ ಸರಿ.

ಇಲ್ಲಿ ಅಳೆಯುವುದು ಯಂತ್ರ ತಾನೇ ಅಂದಾಜಿಸಿದ ದುಡಿಮೆಯನ್ನು. ಯೋಜನೆಯ ಸರ್ವರ್ ಕೊಡುವ ಕ್ರೆಡಿಟ್ ಅಂಕಗಳನ್ನಲ್ಲ. ಈ ವಿವೇಕವನ್ನು ಮೆಚ್ಚಬೇಕು. ಬಾಯಿಂಕ್ ಕ್ರೆಡಿಟ್ಟಿನ ಮಾನಕ್ಕೆ ಸೆಟಿ ತಂಡದ ಜೆಫ್ ಕಾಬ್ ಅವರ ಹೆಸರಿನಿಂದ ಕಾಬಲ್‌ಸ್ಟೋನ್ ಎನ್ನುತ್ತಾರೆ. ಸೆಕೆಂಡಿಗೆ ನೂರು ಕೋಟಿ ದಶಮಾಂಶ ಲೆಕ್ಕ ಮಾಡುವ ಯಂತ್ರ ಒಂದು ದಿನ ಪೂರ್ತಿ ದುಡಿದರೆ 200 ಅಂಕ. ಸೂತ್ರ ಒಂದೇ ಆದರೂ ವ್ಯವಹಾರದಲ್ಲಿ ಕೆಲವು ಯೋಜನೆಗಳು ಉದಾರವಾಗಿ, ಕೆಲವು ಬಿಗಿಯಾಗಿ ಅಂಕ ಕೊಡುತ್ತವೆ. ಪಾಲನ್ನು ಈ ಅಂಕಗಳಿಂದ ಅಳೆದಿದ್ದರೆ ಧಾರಾಳಿ ಯೋಜನೆಗೆ ದಕ್ಕುವ ಸಮಯ ಸುಮ್ಮನೆ ಕಡಿಮೆಯಾಗುತ್ತಿತ್ತು. ಅಂಕಗಳ ಪಟ್ಟಿಯಲ್ಲಿ ಮೇಲೇರುವ ಹುಮ್ಮಸ್ಸಿಗೆ ಬಿದ್ದು, ಹೆಚ್ಚು ಅಂಕ ಕೊಡುವ ಯೋಜನೆಗೇ ಸಮಯ ಸುರಿಯುವವರು ವಿಜ್ಞಾನದ ಆಯ್ಕೆಯನ್ನು ಬೇರೆಯವರ ಕೈಗೆ ಕೊಟ್ಟಂತಾಗುತ್ತದೆ.

ಗಡುವು ಮತ್ತು ದಾಸ್ತಾನು

ಪ್ರತಿ ತುಂಡಿಗೂ ಒಂದು ಗಡುವು. ಅದರೊಳಗೆ ಉತ್ತರ ಬರದಿದ್ದರೆ ಸರ್ವರ್ ಆ ತುಂಡನ್ನು ಇನ್ನೊಬ್ಬರಿಗೆ ಕಳಿಸುತ್ತದೆ; ತಡವಾಗಿ ಬಂದ ಉತ್ತರ ಹೆಚ್ಚಿನಂಶ ವ್ಯರ್ಥ. ಆದ್ದರಿಂದ ತಂತ್ರಾಂಶ ಕೈಯಲ್ಲಿರುವ ಎಲ್ಲ ತುಂಡುಗಳನ್ನೂ ಪಾಲಿನ ಪ್ರಕಾರ ಓಡಿಸಿದರೆ ಯಾವುದು ಗಡುವು ತಪ್ಪುತ್ತದೆ ಎಂದು ಆಗಾಗ ಮುಂಗಡವಾಗಿ ಲೆಕ್ಕ ಹಾಕಿ ನೋಡುತ್ತದೆ. ಅಂಥದ್ದು ಕಂಡರೆ ಪಾಲನ್ನು ಬದಿಗಿಟ್ಟು ಗಡುವು ಹತ್ತಿರವಿರುವುದನ್ನು ಮೊದಲು ಮುಗಿಸುತ್ತದೆ. ಆ ಯೋಜನೆ ಹೀಗೆ ಹೆಚ್ಚು ಪಡೆದದ್ದನ್ನು ಮುಂದಿನ ದಿನಗಳಲ್ಲಿ ಬೇರೆಯವಕ್ಕೆ ತುಂಬಿಕೊಡುತ್ತದೆ. ಹಂಚಿಕೆ ಒಂದು ದಿನದಲ್ಲಿ ಸರಿಯಾಗಿ ಕಾಣದಿರಲು ಇದು ಮುಖ್ಯ ಕಾರಣ.

ಎಷ್ಟು ದಿನದ ಕೆಲಸವನ್ನು ಮುಂಚಿತವಾಗಿ ತರಿಸಿಟ್ಟುಕೊಳ್ಳಬೇಕು ಎಂಬುದನ್ನು ಬಳಕೆದಾರರು ನಿಗದಿ ಮಾಡಬಹುದು. ಮೂಲ ವ್ಯವಸ್ಥೆಯಲ್ಲಿ ಅದು ಕನಿಷ್ಠ 0.1 ದಿನ, ಅದರ ಮೇಲೆ 0.5 ದಿನ. ದಾಸ್ತಾನು ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿದಾಗ, ಪಾಲಿನಲ್ಲಿ ಹಿಂದೆ ಬಿದ್ದ ಯೋಜನೆಯೊಂದರಿಂದಲೇ ಮೇಲಿನ ಮಟ್ಟದವರೆಗೆ ತುಂಬಿಸಲು ನೋಡುತ್ತದೆ. ಇಂಟರ್‌ನೆಟ್ ಆಗಾಗ ಹೋಗುವ ಊರಿನಲ್ಲಿ ಒಂದು ಎರಡು ದಿನದ ದಾಸ್ತಾನು ಇರಲಿ. ಹತ್ತು ದಿನದ ರಾಶಿಯನ್ನು ತುಂಬಿಕೊಂಡರೆ ಮಾತ್ರ ಎಲ್ಲವೂ ಗಡುವಿನ ಒತ್ತಡಕ್ಕೆ ಸಿಕ್ಕಿ ಪಾಲಿನ ಲೆಕ್ಕ ಹೆಸರಿಗಷ್ಟೇ ಉಳಿಯುತ್ತದೆ. ದಿನಕ್ಕೆ ನಾಲ್ಕು ಗಂಟೆ ಮಾತ್ರ ಓಡುವ ಯಂತ್ರಕ್ಕೆ ಐದಾರು ಯೋಜನೆಗಳನ್ನು ಸೇರಿಸುವುದೂ ಇದೇ ತಪ್ಪಿನ ಇನ್ನೊಂದು ರೂಪ.

ಒಂದು ತುಂಡಿನಿಂದ ಇನ್ನೊಂದಕ್ಕೆ ಹೊರಳುವ ಅವಧಿ ಸಾಮಾನ್ಯವಾಗಿ 60 ನಿಮಿಷ. ಕೆಲಸ ಎಲ್ಲಿಗೆ ಬಂತೆಂದು ಪ್ರೋಗ್ರಾಮು ಆಗಾಗ ಡಿಸ್ಕಿನಲ್ಲಿ ಬರೆದಿಡುತ್ತದೆ. ಕರೆಂಟು ಹೋಗಿ ಯಂತ್ರ ಆರಿದರೆ ಕೊನೆಯ ಬಾರಿ ಬರೆದಿಟ್ಟ ಜಾಗದಿಂದ ಮುಂದುವರಿಯುತ್ತದೆ. ಹೀಗೆ ಬರೆದಿಡುವ ನಡುವಿನ ಅಂತರ ದೊಡ್ಡದಾಗಿರುವ ಯೋಜನೆಗಳಿಗೆ, ತಡೆಹಿಡಿದ ಕೆಲಸವನ್ನು ಮೆಮೊರಿಯಲ್ಲೇ ಉಳಿಸುವ ಆಯ್ಕೆಯನ್ನು ಚಾಲೂ ಮಾಡುವುದು ಒಳ್ಳೆಯದು. ಅದಕ್ಕೆ ಮೆಮೊರಿ ಸಾಕಷ್ಟಿರಬೇಕು. 4 ಗಿಗಾಬೈಟಿನ ಹಳೆಯ ಯಂತ್ರಕ್ಕೆ ಈಚಿನ ಹವಾಮಾನ ಮಾದರಿಗಳಾಗಲಿ, ಯಂತ್ರದೊಳಗೊಂದು ಕಲ್ಪಿತ ಯಂತ್ರವನ್ನು ಓಡಿಸುವ ಸರ್ನ್‌ನ ಕೆಲವು ಕೆಲಸಗಳಾಗಲಿ ತಕ್ಕವಲ್ಲ. ಪಾಲು ಎಷ್ಟೇ ಇಟ್ಟರೂ ಮೆಮೊರಿಗೆ ಹಿಡಿಯದ ಕೆಲಸ ನಡೆಯುವುದಿಲ್ಲ.

ಗ್ರಾಫಿಕ್ಸ್ ಕಾರ್ಡು ಇದ್ದರೆ ಲೆಕ್ಕ ಇನ್ನೊಂದು ತಿರುವು ಪಡೆಯುತ್ತದೆ. ಪಾಲು ಅನ್ವಯವಾಗುವುದು ಪ್ರೊಸೆಸರ್, ಕಾರ್ಡು ಎರಡರ ದುಡಿಮೆಯನ್ನೂ ಕೂಡಿಸಿ. ಸಮ ಪಾಲಿನ ಎರಡು ಯೋಜನೆಗಳಲ್ಲಿ ಒಂದಕ್ಕೆ ಮಾತ್ರ ಕಾರ್ಡಿನ ಕೆಲಸವಿದ್ದರೆ, ಕಾರ್ಡು ಪೂರ್ತಿ ಅದಕ್ಕೆ ಹೋಗುತ್ತದೆ. ಆ ದುಡಿಮೆಯೇ ಅಗಾಧವಾದ್ದರಿಂದ ಪ್ರೊಸೆಸರಿನ ಕೋರುಗಳು ಬಹುಮಟ್ಟಿಗೆ ಇನ್ನೊಂದರ ಪಾಲಾಗುತ್ತವೆ. ಮೇಲ್ನೋಟಕ್ಕೆ ಅನ್ಯಾಯದಂತೆ ಕಂಡರೂ ಯಾವ ಭಾಗವೂ ಸುಮ್ಮನೆ ಕೂರದಂತೆ ನೋಡಿಕೊಳ್ಳುವ ದಾರಿ ಇದೇ.

ಬಾಯಿಂಕ್ ಹೊರಗಿನವು

ಗಿಂಪ್ಸ್ ಮತ್ತು ಫೋಲ್ಡಿಂಗ್ ಅಟ್ ಹೋಮ್ ತಮ್ಮದೇ ಪ್ರೋಗ್ರಾಮುಗಳನ್ನು ಬಳಸುತ್ತವೆ. ಭಾರತೀಯ ಮೂಲದ ವಿಜಯ್ ಪಾಂಡೆ 2000ದ ಅಕ್ಟೋಬರಿನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಆರಂಭಿಸಿದ ಫೋಲ್ಡಿಂಗ್ ಅಟ್ ಹೋಮ್, ಪ್ರೋಟೀನು ಮಡಿಚಿಕೊಳ್ಳುವ ಚಲನೆಯನ್ನು ಅನುಕರಿಸಿ ನೋಡುತ್ತದೆ. 2020ರ ಮಾರ್ಚಿನಲ್ಲಿ ಕೋವಿಡ್ ಕೆಲಸಕ್ಕೆ ಜನ ನುಗ್ಗಿ ಬಂದು ಅದರ ಒಟ್ಟು ಶಕ್ತಿ ಒಂದು ಎಕ್ಸಾಫ್ಲಾಪನ್ನು, ಅಂದರೆ ಸೆಕೆಂಡಿಗೆ ಒಂದರ ಮುಂದೆ 18 ಸೊನ್ನೆಯಷ್ಟು ಲೆಕ್ಕಗಳನ್ನು, ದಾಟಿತು. ಆಗಿನ ಯಾವ ಸೂಪರ್‌ಕಂಪ್ಯೂಟರೂ ಅಷ್ಟು ಎತ್ತರ ಮುಟ್ಟಿರಲಿಲ್ಲ. ಅದೇ ವಾರಗಳಲ್ಲಿ ಅನೇಕ ಯಂತ್ರಗಳು ಕೆಲಸ ಸಿಗದೆ ಕಾದು ಕುಳಿತವು, ಏಕೆಂದರೆ ತುಂಡುಗಳನ್ನು ತಯಾರಿಸಿ ಹಂಚುವ ಸರ್ವರುಗಳು ಅಷ್ಟು ಜನರಿಗೆ ಸಾಲಲಿಲ್ಲ.

ಇಂಥ ಪ್ರೋಗ್ರಾಮಿಗೂ ಬಾಯಿಂಕ್‌ಗೂ ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯದು. ಎರಡನ್ನೂ ಒಟ್ಟಿಗೆ ಬಿಟ್ಟರೆ ಕೋರುಗಳಿಗಾಗಿ ಪೈಪೋಟಿ ನಡೆದು ಎರಡೂ ನಿಧಾನವಾಗುತ್ತವೆ. ಎಂಟು ಕೋರುಗಳಿದ್ದರೆ ಬಾಯಿಂಕ್‌ಗೆ ಶೇ. 50ರ ಮಿತಿ ಹಾಕಿ, ಇನ್ನೊಂದಕ್ಕೆ ನಾಲ್ಕು ಕೋರು ಎಂದು ಕೈಯಾರೆ ಗೆರೆ ಎಳೆಯಬೇಕು. ಕಾರ್ಡನ್ನು ಒಂದಕ್ಕೂ ಪ್ರೊಸೆಸರನ್ನು ಇನ್ನೊಂದಕ್ಕೂ ಬಿಡುವುದು ಇನ್ನೂ ಸರಳ.

ವಿದ್ಯುತ್ತು, ಬಿಸಿ, ಅನುಮತಿ

ಬಿಡುವಿನ ಸಮಯ ಪುಕ್ಕಟೆ ಎಂಬ ಮಾತು ಪೂರ್ತಿ ನಿಜವಲ್ಲ. ಸುಮ್ಮನಿರುವ ಪ್ರೊಸೆಸರಿಗಿಂತ ದುಡಿಯುವ ಪ್ರೊಸೆಸರು ಹೆಚ್ಚು ವಿದ್ಯುತ್ತು ಎಳೆಯುತ್ತದೆ. ಆ ಹೆಚ್ಚಳ 60 ವಾಟ್ ಎಂದಿಟ್ಟುಕೊಂಡರೂ ಹಗಲು ರಾತ್ರಿ ಓಡಿಸಿದರೆ ತಿಂಗಳಿಗೆ 43 ಯೂನಿಟ್ಟಿನಷ್ಟಾಯಿತು. ಗ್ರಾಫಿಕ್ಸ್ ಕಾರ್ಡು ಸೇರಿದರೆ ಇದರ ಹಲವು ಪಟ್ಟು. ಕರ್ನಾಟಕದಲ್ಲಿ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಮಿತಿಯ ಅಂಚಿನಲ್ಲಿರುವ ಮನೆ ಇದನ್ನು ಮೊದಲೇ ಲೆಕ್ಕ ಹಾಕಬೇಕು. ಇಡೀ ದಿನದ ಬದಲು ನಿಗದಿತ ಗಂಟೆಗಳಲ್ಲಿ ಮಾತ್ರ ಓಡುವಂತೆ, ಅರ್ಧದಷ್ಟು ಕೋರುಗಳನ್ನು ಮಾತ್ರ ಬಳಸುವಂತೆ ಮಾಡಬಹುದು. ಲ್ಯಾಪ್‌ಟಾಪು ಬ್ಯಾಟರಿಯ ಮೇಲಿದ್ದಾಗ ನಿಲ್ಲುವ ವ್ಯವಸ್ಥೆಯೂ ಇದೆ. ನಮ್ಮ ಬೇಸಿಗೆಯಲ್ಲಿ ಅದರ ಫ್ಯಾನು ಸದಾ ಚೀರುವಂತಿದ್ದರೆ ಕೋರುಗಳನ್ನು ಇನ್ನೂ ಕಡಿಮೆ ಮಾಡಬೇಕು. ಮೊಬೈಲ್ ಫೋನುಗಳಿಗೂ 2013ರಿಂದ ಬಾಯಿಂಕ್ ಇದೆ. ಮೂಲ ವ್ಯವಸ್ಥೆಯಲ್ಲಿ ಅದು ಫೋನು ಚಾರ್ಜಿಗಿದ್ದಾಗಷ್ಟೇ ದುಡಿಯುತ್ತದೆ, ವೈಫೈ ಸಿಕ್ಕಾಗಷ್ಟೇ ತುಂಡುಗಳನ್ನು ತರಿಸಿ ಕಳಿಸುತ್ತದೆ.

ಯಂತ್ರ ನಮ್ಮದಾಗಿರಬೇಕು, ಇಲ್ಲವೇ ಒಡೆಯರ ಅನುಮತಿ ಇರಬೇಕು. ಅಮೆರಿಕದ ಜಾರ್ಜಿಯಾ ರಾಜ್ಯದ ಕಾಲೇಜೊಂದರ ಕಂಪ್ಯೂಟರ್ ನಿರ್ವಾಹಕರೊಬ್ಬರು ಅಲ್ಲಿನ ಯಂತ್ರಗಳಿಗೆ ಕೇಳದೆಯೇ ಡಿಸ್ಟ್ರಿಬ್ಯೂಟೆಡ್ ಡಾಟ್ ನೆಟ್ ಪ್ರೋಗ್ರಾಮ್ ಹಾಕಿ ಕ್ರಿಮಿನಲ್ ಮೊಕದ್ದಮೆ ಎದುರಿಸಬೇಕಾಯಿತು. 2002ರಲ್ಲಿ ಅದು ಪರೀಕ್ಷಾವಧಿ ಮತ್ತು ಪರಿಹಾರದ ಹಣದೊಂದಿಗೆ ಮುಗಿಯಿತು. ಶಾಲೆ, ಕಚೇರಿಗಳ ಲ್ಯಾಬನ್ನು ಒಳ್ಳೆಯ ಉದ್ದೇಶಕ್ಕೇ ಬಳಸುವವರೂ ಮೊದಲು ಲಿಖಿತ ಒಪ್ಪಿಗೆ ಪಡೆಯಲಿ.

ಆಯ್ಕೆ ಮತ್ತು ನಿರ್ಗಮನ

ಯೋಜನೆಗಳು ಶಾಶ್ವತವಲ್ಲ. 2020ರ ಮಾರ್ಚ್ 31ರಂದು ಸೆಟಿ ಹೊಸ ತುಂಡುಗಳನ್ನು ಹಂಚುವುದನ್ನು ನಿಲ್ಲಿಸಿತು. ಅದೇ ವರ್ಷ ಡಿಸೆಂಬರ್ 1ರಂದು ಅರೆಸಿಬೊ ದೂರದರ್ಶಕವೇ ಕುಸಿಯಿತು. ವರ್ಲ್ಡ್ ಕಮ್ಯೂನಿಟಿ ಗ್ರಿಡ್ 2022ರಲ್ಲಿ ಸ್ಥಳ ಬದಲಿಸುವಾಗ ಕೆಲವು ತಿಂಗಳು ಕೆಲಸ ಬರಲಿಲ್ಲ. ಒಂದೇ ಯೋಜನೆಗೆ ಅಂಟಿಕೊಂಡಿದ್ದ ಯಂತ್ರಗಳು ಆಗ ಬರಿದೇ ಕುಳಿತವು. ಮನೆಯ ಒಂದು ಕಂಪ್ಯೂಟರಿಗೆ ಮನಸ್ಸಿಗೆ ಹತ್ತಿರವಾದ ಎರಡು ಮೂರು ಯೋಜನೆಗಳು, ಜೊತೆಗೆ ಸದಾ ಕೆಲಸವಿರುವ ಒಂದು ಯೋಜನೆ ಸೊನ್ನೆ ಪಾಲಿನಲ್ಲಿ: ಇದಕ್ಕಿಂತ ಹೆಚ್ಚು ಬೇಕಾಗುವುದು ಅಪರೂಪ. ಹೆಸರು ಹುಡುಕಿ ಆರಿಸುವ ತಾಳ್ಮೆ ಇಲ್ಲದವರಿಗೆ ಆಂಡರ್ಸನ್ ರೂಪಿಸಿದ ಸೈನ್ಸ್ ಯುನೈಟೆಡ್ ಇದೆ. ವೈದ್ಯಕೀಯ, ಖಗೋಳ ಎಂದು ಇಷ್ಟದ ಕ್ಷೇತ್ರಗಳನ್ನು ಗುರುತಿಸಿದರೆ ಯೋಜನೆಗಳನ್ನು ಅದೇ ಸೇರಿಸುತ್ತದೆ.

ಆರಿಸುವಾಗ ನೋಡಬೇಕಾದದ್ದು ಯೋಜನೆಯನ್ನು ನಡೆಸುವ ಸಂಸ್ಥೆ ಯಾವುದು, ಈಚಿನ ವರ್ಷಗಳಲ್ಲಿ ಸಂಶೋಧನಾ ಪ್ರಬಂಧ ಹೊರಬಂದಿದೆಯೇ, ಫಲಿತಾಂಶ ಎಲ್ಲರಿಗೂ ಸಿಗುತ್ತದೆಯೇ ಎಂಬುದನ್ನು. ವಿವರಣೆ ಎಷ್ಟೇ ಸೊಗಸಾಗಿದ್ದರೂ ವರ್ಷಗಟ್ಟಲೆ ಏನನ್ನೂ ಪ್ರಕಟಿಸದ ಯೋಜನೆಗೆ ವಿದ್ಯುತ್ತು ಸುಡುವುದು ಸಲ್ಲದು.

ಬಿಡಬೇಕೆನಿಸಿದರೆ ಒಂದು ಕ್ರಮವಿದೆ. ಪ್ರೋಗ್ರಾಮನ್ನು ಹಾಗೆಯೇ ಕಿತ್ತುಹಾಕಿದರೆ ಕೈಯಲ್ಲಿದ್ದ ತುಂಡುಗಳು ಗಡುವು ಮುಗಿಯುವವರೆಗೆ ಸರ್ವರಿನ ಲೆಕ್ಕದಲ್ಲಿ ತೂಗುತ್ತಿರುತ್ತವೆ. ಅದೇ ತುಂಡನ್ನು ಬಿಡಿಸಿ ಕಳಿಸಿದ ಇನ್ನೊಬ್ಬ ಸ್ವಯಂಸೇವಕರ ಉತ್ತರ ತಾಳೆಗಾಗಿ ಅಲ್ಲಿಯವರೆಗೂ ಕಾಯುತ್ತದೆ. ಹೊರಡುವವರು ಮೊದಲು ಹೊಸ ಕೆಲಸ ಬೇಡ ಎಂಬ ಗುಂಡಿಯನ್ನು ಒತ್ತಲಿ, ಇರುವುದನ್ನು ಮುಗಿಸಿ ಕಳಿಸಲಿ, ಆಮೇಲೆ ಯೋಜನೆಯಿಂದ ಹೊರಬರಲಿ.